ಕಡಲು ದಾಟಿದ ದನಿ

ವಿದೇಶದ ಸಹೋದ್ಯೋಗಿಗಳೊಡನೆ ದಿನವೂ ಮಾತನಾಡುವುದು ನನ್ನ ಕೆಲಸದ ಭಾಗ. ಈ ಸೌಲಭ್ಯ ಬೆಳೆದುಬಂದ ಬಗೆಯನ್ನು ನಮ್ಮ ಶಾಲೆಯ ಮಕ್ಕಳಿಗಾಗಿ ಇಲ್ಲಿ ಬರೆದಿದ್ದೇನೆ.

1866ರಿಂದಲೇ ಅಟ್ಲಾಂಟಿಕ್ ಸಾಗರದ ತಳದ ತಂತಿಯಲ್ಲಿ ಟೆಲಿಗ್ರಾಂಗಳು ಓಡಾಡುತ್ತಿದ್ದವು. ಆದರೆ ಮನುಷ್ಯನ ದನಿ ಅಷ್ಟುದ್ದದ ತಂತಿಯಲ್ಲಿ ಕ್ಷೀಣಿಸಿಬಿಡುತ್ತಿತ್ತು. ಹಾಗಾಗಿ ಎಂಜಿನಿಯರುಗಳು ರೇಡಿಯೊ ತರಂಗಗಳ ಮೊರೆಹೋದರು. 1915ರಲ್ಲಿ ಅಮೆರಿಕದ ಆರ್ಲಿಂಗ್ಟನ್‌ನಲ್ಲಿ ಆಡಿದ ಮಾತು ಪ್ಯಾರಿಸ್ಸಿನ ಐಫೆಲ್ ಗೋಪುರದಲ್ಲಿ ಕೇಳಿಸಿತು.

1927ರ ಜನವರಿ 7ರಂದು ನ್ಯೂಯಾರ್ಕ್ ಮತ್ತು ಲಂಡನ್ ನಡುವಿನ ಸೇವೆ ಸಾರ್ವಜನಿಕರಿಗೆ ತೆರೆಯಿತು. ಒಂದು ಸಲಕ್ಕೆ ಒಂದೇ ಕರೆ. ಒಬ್ಬರು ಮಾತನಾಡುವಾಗ ಎದುರು ದಿಕ್ಕಿನ ದಾರಿಯನ್ನು ಯಂತ್ರವೇ ಮುಚ್ಚುತ್ತಿತ್ತು. ಇಲ್ಲದಿದ್ದರೆ ಆಡಿದ ಮಾತೇ ಮರುದನಿಯಾಗಿ ಸುತ್ತುತ್ತಿತ್ತು. ಮೂರು ನಿಮಿಷಕ್ಕೆ 75 ಡಾಲರ್ ಶುಲ್ಕ. ಅದು ಅಲ್ಲಿನ ಸಾಮಾನ್ಯ ಕಾರ್ಮಿಕನ ಎರಡು ವಾರದ ಕೂಲಿಗಿಂತ ಹೆಚ್ಚು. ದನಿ ಕಡಲು ದಾಟಿತು, ಆದರೆ ಹಣವಿದ್ದವರ ದನಿ ಮಾತ್ರ. ಊರು ಬಿಟ್ಟು ದುಡಿಯಲು ಹೋದವನಿಗೆ ಕಾಗದವೇ ಗತಿ.

ಮುಂದೆ ಶಾರ್ಟ್‌ವೇವ್ ಬಂತು. ಆ ಅಲೆಗಳು ಆಕಾಶದ ಅಯಾನುಗೋಳಕ್ಕೆ ತಗುಲಿ ಭೂಮಿಗೆ ಮರಳುವುದರಿಂದ ಕಡಿಮೆ ಶಕ್ತಿಯಲ್ಲೇ ಬಹುದೂರ ತಲುಪುತ್ತಿದ್ದವು. 1933ರ ಮೇ 1ರಂದು ಭಾರತಕ್ಕೂ ಇಂಗ್ಲೆಂಡಿಗೂ ರೇಡಿಯೊ ಟೆಲಿಫೋನ್ ಸಂಪರ್ಕ ಏರ್ಪಟ್ಟಿತು. ಆದರೆ ಸೂರ್ಯನ ಆರ್ಭಟದಿಂದ ಅಯಾನುಗೋಳ ಕದಡಿದರೆ ಮಾತು ನಿಂತೇಹೋಗುತ್ತಿತ್ತು. 1956ರಲ್ಲಿ ಅಟ್ಲಾಂಟಿಕ್ ತಳದಲ್ಲಿ ಮೊದಲ ಟೆಲಿಫೋನ್ ಕೇಬಲ್ ಶುರುವಾದಾಗ ಏಕಕಾಲಕ್ಕೆ 36 ಕರೆಗಳು ಸಾಧ್ಯವಾದವು.

ಇಂದು ನಮ್ಮೂರಿನ ಅಜ್ಜಿಯರು ಪರದೇಶದ ಮೊಮ್ಮಕ್ಕಳೊಡನೆ ಗಡಿಯಾರ ನೋಡದೆ ಹರಟುತ್ತಾರೆ. ಹೊಸದನ್ನು ಕಂಡುಹಿಡಿಯುವುದು ಅರ್ಧ ಕೆಲಸ. ಅದನ್ನು ಬಡವರ ಕೈಗೆಟುಕಿಸುವುದು ಉಳಿದರ್ಧ. ಆ ಉಳಿದರ್ಧಕ್ಕೆ ನಮ್ಮ ಶಾಲೆಯ ಮಕ್ಕಳೂ ಕೈಜೋಡಿಸಲಿ ಎಂಬುದು ನನ್ನ ಹಾರೈಕೆ.