ಇನ್‌ಸೆಪ್ಷನ್‌ನಲ್ಲಿ ಹಾಸಿಗೆ ಹಿಡಿದಿದ್ದ ಆ ಅಪ್ಪ ಯಾರು? (ಪೋಷಕ ನಟರು, ಭಾಗ 4)

ಇನ್‌ಸೆಪ್ಷನ್ ನೀವೆಲ್ಲ ನೋಡಿರ್ತೀರ. ಅದರಲ್ಲಿ ಕಿಲಿಯನ್ ಮರ್ಫಿಯ ಅಪ್ಪ ಸಾಯೋ ಸ್ಥಿತಿಯಲ್ಲಿ ಹಾಸಿಗೆ ಮೇಲಿರ್ತಾರಲ್ಲ, ಕೆನ್ನೆಮೂಳೆ ಎದ್ದು ಕಾಣೋ ಮುಖ, ಅವರು ಪೀಟ್ ಪಾಸಲ್‌ತ್ವೇಟ್. ಸಿನಿಮಾ ಬಂದಿದ್ದು 2010ರ ಜುಲೈನಲ್ಲಿ. 2011ರ ಜನವರಿ 2ರಂದು ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. 64 ವರ್ಷ.

ಹುಟ್ಟಿದ್ದು 1946ರಲ್ಲಿ, ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿ. ಮೊದಲು ನಾಟಕದ ಮೇಷ್ಟ್ರು. ಆಮೇಲೆ ಬ್ರಿಸ್ಟಲ್ ಓಲ್ಡ್ ವಿಕ್‌ನಲ್ಲಿ ನಟನೆ ಕಲಿತು ಲಿವರ್‌ಪೂಲ್‌ನ ಎವ್ರಿಮನ್ ರಂಗಮಂದಿರ ಸೇರಿದರು. ಈ ಹೆಸರು ನಾಲಿಗೆಗೆ ಹೊರಳಲ್ಲ, ಬದಲಿಸ್ಕೊಳ್ಳಿ ಅಂತ ಬುದ್ಧಿ ಹೇಳಿದವರಿದ್ದರು. ಇವರು ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ. ಟಿವಿಯಲ್ಲಿ 'ಶಾರ್ಪ್' ಸರಣಿಯ ಹೇಕ್ಸ್‌ವಿಲ್ ಆಗಿ ಮೈ ಉರಿಯೋ ಹಾಗೆ ಮಾಡಿದ ಖಳನೂ ಇವರೇ.

ಆದರೆ ನಾನು ಹೇಳಬೇಕು ಅಂದ್ಕೊಂಡಿದ್ದು 1993ರ 'ಇನ್ ದ ನೇಮ್ ಆಫ್ ದ ಫಾದರ್' ಬಗ್ಗೆ.

ಇದರ ಹಿಂದೆ ನಿಜವಾದ ಅನ್ಯಾಯ ಒಂದಿದೆ. 1974ರ ಅಕ್ಟೋಬರ್ 5ರಂದು ಗಿಲ್ಡ್‌ಫರ್ಡ್‌ನ ಪಬ್‌ಗಳಲ್ಲಿ ಐಆರ್‌ಎ ಬಾಂಬ್ ಸಿಡಿದು 5 ಜನ ಸತ್ತರು. ಬೆಲ್‌ಫಾಸ್ಟ್‌ನ ಜೆರ್ರಿ ಕಾನ್ಲನ್ ಅನ್ನೋ ಹುಡುಗನನ್ನ ಪೊಲೀಸರು ಹಿಡಿದರು. ಮಗನಿಗೆ ವಕೀಲರನ್ನ ಹುಡುಕೋಕೆ ಅಂತ ಲಂಡನ್‌ಗೆ ಬಂದ ಅಪ್ಪ ಜುಸೆಪ್ಪೆಯನ್ನೂ ಬಂಧಿಸಿದರು. ಶ್ವಾಸಕೋಶದ ಕಾಯಿಲೆ ಇದ್ದ ಮನುಷ್ಯ. 1976ರಲ್ಲಿ ಶಿಕ್ಷೆ ಆಯ್ತು, 1980ರಲ್ಲಿ ಕೈದಿಯಾಗೇ ಸತ್ತರು. ಮಗ 1989ರಲ್ಲಿ ಹೊರಬಂದ. ಅಪ್ಪನ ಮೇಲಿನ ತೀರ್ಪು ರದ್ದಾಗಿದ್ದು 1991ರಲ್ಲಿ, ಅಂದ್ರೆ ಸತ್ತು 11 ವರ್ಷ ಆದಮೇಲೆ!

ಸಿನಿಮಾದಲ್ಲಿ ಅಪ್ಪ-ಮಗ ಒಂದೇ ಸೆಲ್‌ನಲ್ಲಿ ಇರ್ತಾರೆ. ನಿಜದಲ್ಲಿ ಹಾಗಿರಲಿಲ್ಲ. ಇತಿಹಾಸ ಓದೋರಿಗೆ ಇದು ಸಣ್ಣ ತಪ್ಪಲ್ಲ, ಆಗಲೇ ಟೀಕೆ ಬಂದಿತ್ತು, ನನಗೂ ಮೊದಲು ಸಿಟ್ಟು ಬಂತು. ಆದ್ರೂ ಪಾಸಲ್‌ತ್ವೇಟ್ ಆ ಪಾತ್ರವನ್ನ ಹುತಾತ್ಮನ ಥರ ಮಾಡಿಲ್ಲ ನೋಡಿ. ಮಗನ ಮೇಲೆ ಗೊಣಗೋ, ಜಪಮಣಿ ಹಿಡಿದು ಕೂರೋ, ಅರ್ಜಿ ಮೇಲೆ ಅರ್ಜಿ ಬರೆಯೋ ಮಾಮೂಲಿ ಅಪ್ಪ. ನಮ್ಮನೆಯಲ್ಲೂ ಇರೋ ಥರದವರು. ಅವರು ಸತ್ತ ರಾತ್ರಿ ಕೈದಿಗಳು ಕಿಟಕಿಗಳಿಂದ ಉರಿಯೋ ಕಾಗದ ಎಸೀತಾರೆ, ಆ ದೃಶ್ಯದಲ್ಲಿ ಪಾಸಲ್‌ತ್ವೇಟ್ ಇಲ್ಲವೇ ಇಲ್ಲ, ಆದ್ರೂ ಗಂಟಲು ಕಟ್ಟುತ್ತೆ. ಆಸ್ಕರ್‌ಗೆ ಹೆಸರು ಹೋಯ್ತು, ಸಿಕ್ಕಿದ್ದು 'ದ ಫ್ಯುಜಿಟಿವ್'ನ ಟಾಮಿ ಲೀ ಜೋನ್ಸ್‌ಗೆ.

ಮೂರು ವರ್ಷಕ್ಕೆ 'ಬ್ರಾಸ್ಡ್ ಆಫ್' ಬಂತು. ಕಲ್ಲಿದ್ದಲು ಗಣಿ ಮುಚ್ಚುತ್ತಿರೋ ಊರಿನ ಬ್ಯಾಂಡ್ ಮೇಷ್ಟ್ರು ಡ್ಯಾನಿ. ಇಲ್ಲೂ ಶ್ವಾಸಕೋಶವೇ ಹಾಳು, ಈ ಸಲ ಕಲ್ಲಿದ್ದಲ ಧೂಳಿಂದ. ಸಿನಿಮಾಕ್ಕೆ ಬಾರಿಸಿದ್ದು ನಿಜವಾದ ಗ್ರೈಮ್‌ಥಾರ್ಪ್ ಗಣಿಯ ಬ್ಯಾಂಡ್. ಆ ಗಣಿ 1993ರಲ್ಲೇ ಮುಚ್ಚಿತ್ತು. ಕೊನೆಯಲ್ಲಿ ಆಲ್ಬರ್ಟ್ ಹಾಲ್‌ನಲ್ಲಿ ಡ್ಯಾನಿ ಟ್ರೋಫಿ ಬೇಡ ಅಂತ ಮಾತಾಡ್ತಾರೆ. ಚುಂಬಾವಾಂಬಾದ 'ಟಬ್‌ಥಂಪಿಂಗ್' ಕೇಳಿದ್ದೀರಾ? ಆಲ್ಬಂನಲ್ಲಿ ಆ ಹಾಡು ಶುರುವಾಗೋದೇ ಈ ಭಾಷಣದ ದನಿಯಿಂದ.

ಒಂದೇ ನೋಡೋದಾದ್ರೆ ಬ್ರಾಸ್ಡ್ ಆಫ್ ನೋಡಿ. ಜುಸೆಪ್ಪೆಯದನ್ನ ಪರೀಕ್ಷೆ ಮುಗಿದ ಮೇಲೆ ಇಟ್ಕೊಳ್ಳಿ, ಎರಡು ದಿನ ಬೇರೇನೂ ಓದೋಕಾಗಲ್ಲ.