ರೂಟರಿಗೆ ಹೊರಗಿನ ಫರ್ಮ್‌ವೇರ್: ಆಯ್ಕೆಗೆ ಮುನ್ನ

ಮನೆಯ ವೈ-ಫೈ ರೂಟರನ್ನು ನಡೆಸುವ ಮೂಲ ತಂತ್ರಾಂಶವೇ ಫರ್ಮ್‌ವೇರ್. ತಯಾರಕರು ಅದರ ಪರಿಷ್ಕರಣೆ ನಿಲ್ಲಿಸಿದರೆ ಭದ್ರತಾ ಲೋಪಗಳು ಹಾಗೆಯೇ ಉಳಿಯುತ್ತವೆ. ಅನ್ಯರು ರೂಪಿಸಿದ ಉಚಿತ ಫರ್ಮ್‌ವೇರ್ ನೆರವಾಗುವುದು ಇಲ್ಲಿಯೇ. 2003ರಲ್ಲಿ ಲಿಂಕ್‌ಸಿಸ್ ಸಂಸ್ಥೆಯು ಡಬ್ಲ್ಯುಆರ್‌ಟಿ54ಜಿ ರೂಟರಿನ ಮೂಲ ಸಂಕೇತವನ್ನು ಬಹಿರಂಗಪಡಿಸಬೇಕಾಗಿ ಬಂದಿತು. ಅದರಿಂದಲೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು.

ಆಯ್ಕೆಯಲ್ಲಿ ಹೆಸರಿಗಿಂತ ಯಂತ್ರಾಂಶ ಮುಖ್ಯ. ಅದೇ ಡಬ್ಲ್ಯುಆರ್‌ಟಿ54ಜಿಯ 2005ರ ಐದನೆಯ ಆವೃತ್ತಿಯಲ್ಲಿ ಫ್ಲ್ಯಾಶ್ ಸ್ಮೃತಿ 4ರಿಂದ 2 ಎಂಬಿಗೆ ಇಳಿದಿತ್ತು. ಹೆಸರು ಮಾತ್ರ ಬದಲಾಗಿರಲಿಲ್ಲ! ಆದುದರಿಂದ ರೂಟರಿನ ತಳದ ಚೀಟಿಯಲ್ಲಿರುವ ಆವೃತ್ತಿ ಸಂಖ್ಯೆಯನ್ನು ಓದಿ, ಓಪನ್‌ಡಬ್ಲ್ಯುಆರ್‌ಟಿ ಪ್ರಕಟಿಸುವ ಯಂತ್ರಗಳ ಪಟ್ಟಿಯೊಡನೆ ತಾಳೆ ನೋಡಬೇಕು. ಅದಕ್ಕೆ ಇಂದು ಕನಿಷ್ಠ 8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮ್ ಅಗತ್ಯ. ಬ್ರಾಡ್‌ಕಾಮ್ ಚಿಪ್ ಇರುವಲ್ಲಿ ಡಿಡಿ-ಡಬ್ಲ್ಯುಆರ್‌ಟಿ ಅಥವಾ ಫ್ರೆಶ್‌ಟೊಮ್ಯಾಟೊ ಹೊಂದಬಹುದು. ಆವೃತ್ತಿ ತಪ್ಪಿದರೆ ರೂಟರು ಶಾಶ್ವತವಾಗಿ ನಿಷ್ಕ್ರಿಯವಾದೀತು. ಇಂಟರ್‌ನೆಟ್ ಸೇವಾದಾರರೇ ಕೊಟ್ಟ ರೂಟರಾದರೆ ಕೈಹಾಕದಿರುವುದೇ ಲೇಸು.