ಹಲ್ಲಿ: ಶಿವಮೊಗ್ಗ–ಭದ್ರಾವತಿ ಸೀಮೆಯ ಗೆಕ್ಕೊನಿಡೀ ಕುಟುಂಬ

ಹಲ್ಲಿಗಳು ಸರೀಸೃಪ ವರ್ಗದ ಗೆಕ್ಕೊನಿಡೀ ಕುಟುಂಬಕ್ಕೆ ಸೇರಿದ ಸಣ್ಣ ಪ್ರಾಣಿಗಳು. ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬ ಮುಖ್ಯವಾಗಿ ಉಷ್ಣವಲಯದ್ದು. ಶಿವಮೊಗ್ಗ ಮತ್ತು ಭದ್ರಾವತಿ ಮಲೆನಾಡು ಬಯಲಿಗೆ ಇಳಿಯುವ ಅಂಚಿನಲ್ಲಿವೆ. ಹಾಗಾಗಿ ಗೋಡೆಯ ಹಲ್ಲಿಗಳಲ್ಲದೆ ತೊಗಟೆ, ಬಂಡೆ, ಕಾಡಿನ ನೆರಳನ್ನು ನೆಚ್ಚಿದವೂ ಈ ಸೀಮೆಗೆ ಸೇರುತ್ತವೆ.

ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತ, ತರಗೆಲೆಯಲ್ಲಿ ಸರಿದಾಡುವ ಹಾವರಾಣಿ ಇವೆರಡೂ ಬೇರೆ ಕುಟುಂಬದವು. ಅವಕ್ಕೆ ರೆಪ್ಪೆ ಮುಚ್ಚಲು ಬರುತ್ತದೆ, ಹಲ್ಲಿಗೆ ಬರುವುದಿಲ್ಲ. ಹಲ್ಲಿಯ ಕಣ್ಣನ್ನು ಪಾರದರ್ಶಕ ಪೊರೆಯೊಂದು ಕಾಯುತ್ತದೆ. ಅದರ ಮೇಲೆ ಕೂತ ಧೂಳನ್ನು ಹಲ್ಲಿ ನಾಲಿಗೆಯಿಂದಲೇ ನೆಕ್ಕಿ ತೆಗೆಯುತ್ತದೆ. ಹೆಚ್ಚಿನವು ನಿಶಾಚರಿಗಳಾದ್ದರಿಂದ ಪಾಪೆ ಹಗಲಿನಲ್ಲಿ ಸೀಳುಗೆರೆಯಾಗುತ್ತದೆ.

ಗೋಡೆ ಹತ್ತುವ ಶಕ್ತಿಗೆ ಅಂಟಾಗಲಿ ಹೀರುಬಟ್ಟಲಾಗಲಿ ಕಾರಣವಲ್ಲ. ಬೆರಳಡಿಯ ಪಟ್ಟಿಗಳಲ್ಲಿ ಬರಿಗಣ್ಣಿಗೆ ಕಾಣದ ಅಸಂಖ್ಯ ಬಿರುಗೂದಲುಗಳಿದ್ದು, ಪ್ರತಿಯೊಂದರ ತುದಿಯೂ ನೂರಾರು ಕವಲಾಗಿ ಒಡೆದಿರುತ್ತದೆ. ಈ ಕವಲುಗಳು ಮೇಲ್ಮೈಗೆ ತೀರ ಹತ್ತಿರವಾದಾಗ ಅಣುಗಳ ನಡುವೆ ಹುಟ್ಟುವ ವ್ಯಾನ್ ಡರ್ ವಾಲ್ಸ್ ಸೆಳೆತವೇ ಹಲ್ಲಿಯನ್ನು ಹಿಡಿದಿಡುತ್ತದೆ. ಇದನ್ನು ಸಮರ್ಥಿಸುವ ಪ್ರಯೋಗಗಳು ಪ್ರಕಟವಾದದ್ದು 2002ರಲ್ಲಿ. ಹೆಜ್ಜೆ ಎತ್ತುವಾಗ ಹಲ್ಲಿ ಬೆರಳನ್ನು ತುದಿಯಿಂದ ಮೇಲಕ್ಕೆ ಸುರುಳಿಸಿ ಹಿಡಿತವನ್ನು ಬಿಡಿಸಿಕೊಳ್ಳುತ್ತದೆ.

ಊರೊಳಗೆ ಅತಿ ಪರಿಚಿತವಾದದ್ದು ಹೆಮಿಡ್ಯಾಕ್ಟಿಲಸ್ ಫ್ರೆನೇಟಸ್. ದೀಪದ ಬಳಿ ಹೊಂಚು ಹಾಕಿ ಸೊಳ್ಳೆ, ಪತಂಗ, ಜಿರಳೆಮರಿಗಳನ್ನು ಹಿಡಿಯುವ ಇದಕ್ಕೆ ಮುಂಗಾರಿನ ಮೊದಲ ದಿನಗಳ ಮಳೆಹುಳು ಹಬ್ಬದೂಟ. ಹಡಗಿನ ಸರಕಿನೊಂದಿಗೆ ಸಾಗಿ ಆಸ್ಟ್ರೇಲಿಯ, ಪೆಸಿಫಿಕ್ ದ್ವೀಪಗಳು, ಅಮೆರಿಕಗಳಲ್ಲೂ ಬೇರೂರಿದೆ. ಕೆಲವು ದ್ವೀಪಗಳಲ್ಲಿ ಅಲ್ಲಿದ್ದ ಹಲ್ಲಿಗಳನ್ನೇ ಮೂಲೆಗೆ ತಳ್ಳಿದೆ. ಮೈಮೇಲೆ ಗಂಟುಗಂಟಾದ ಹುರುಪೆಗಳಿರುವ ಇನ್ನೊಂದು ಬಗೆಯನ್ನು ಬಹುಕಾಲ ‘ಬ್ರೂಕಿ’ ಎಂಬ ಒಂದೇ ಹೆಸರಿನಿಂದ ಗುರುತಿಸುತ್ತಿದ್ದರು, ಈಗ ಅದು ಹಲವು ಪ್ರಭೇದಗಳಾಗಿ ಒಡೆದಿದೆ. ಹುಣಸೆ, ಮಾವಿನಂಥ ಹಳೆಯ ಮರಗಳ ತೊಗಟೆಯಲ್ಲಿ ಅದೇ ಬೂದುಬಣ್ಣದಲ್ಲಿ ಬೆರೆತುಹೋಗುವ ದೊಡ್ಡ ಹಲ್ಲಿ ಲೆಷೆನೋಲ್ಟಿ. ಫ್ರೆಂಚ್ ಸಸ್ಯಶಾಸ್ತ್ರಜ್ಞನೊಬ್ಬನ ಹೆಸರಿನ ಇದನ್ನು 1836ರಲ್ಲಿ ದ್ಯುಮೆರಿಲ್ ಮತ್ತು ಬಿಬ್ರೋನ್ ವರ್ಣಿಸಿದರು. ಸಣ್ಣ ಹಲ್ಲಿಗಳನ್ನೂ ನುಂಗಲು ಇದು ಹಿಂಜರಿಯದು.

ಪಶ್ಚಿಮಕ್ಕೆ ಹೋದಂತೆ ಕಾಡಿನ ಹಲ್ಲಿಗಳು ಎದುರಾಗುತ್ತವೆ. ಮಾಲ್ಕಂ ಸ್ಮಿತ್ 1935ರಲ್ಲಿ ಜೋಗದ ಆಸುಪಾಸಿನ ಮಾದರಿಯಿಂದ ವರ್ಣಿಸಿದ ಹೆಮಿಡ್ಯಾಕ್ಟಿಲಸ್ ಪ್ರಸಾದಿ, ಪ್ರಾಣಿಶಾಸ್ತ್ರಜ್ಞ ಬೈನಿ ಪ್ರಸಾದರ ಹೆಸರನ್ನು ಹೊತ್ತಿದೆ. ಇವಕ್ಕಿಂತ ಕುತೂಹಲಕರವಾದದ್ದು ನೆಮಾಸ್ಪಿಸ್ ಜಾತಿ. ಇದರ ಹಲ್ಲಿಗಳ ಪಾಪೆ ದುಂಡಗಿರುತ್ತದೆ, ಬೆರಳುಗಳು ಅಂಟುಪಟ್ಟಿಯಿಲ್ಲದೆ ತೆಳ್ಳಗಿದ್ದು ಉಗುರಿನಿಂದಲೇ ಬಂಡೆ, ಕಾಂಡಗಳನ್ನು ಹಿಡಿಯುತ್ತವೆ, ಹಗಲಿನಲ್ಲೂ ಚಟುವಟಿಕೆಯಿಂದಿರುತ್ತವೆ. ತಂಪು ನೆರಳು ಬಿಟ್ಟು ದೂರ ಹೋಗದ ಕಾರಣ ಘಟ್ಟದ ಒಂದೊಂದು ಬೆಟ್ಟಸಾಲಿನಲ್ಲಿ ಒಂದೊಂದು ಪ್ರಭೇದ ಬೇರ್ಪಟ್ಟು ಬೆಳೆದಿದೆ. ಉತ್ತರ ಕನ್ನಡದ ಹೆಟೆರೊಫೋಲಿಸ್ ವಿಜ್ಞಾನಕ್ಕೆ ಪರಿಚಯವಾದದ್ದೇ 2002ರಲ್ಲಿ. ಕಾಡು ಕಡಿದರೆ ನಷ್ಟ ಇವಕ್ಕೇ ಹೊರತು ಗೋಡೆಯ ಹಲ್ಲಿಗಲ್ಲ.

ಹೆಣ್ಣು ಸಾಮಾನ್ಯವಾಗಿ ಒಮ್ಮೆಗೆ ಎರಡೇ ಮೊಟ್ಟೆಯಿಡುತ್ತದೆ. ಬಿಳಿಯ ಗಟ್ಟಿ ಚಿಪ್ಪಿನ ಈ ಮೊಟ್ಟೆಗಳು ಹೆಂಚಿನ ಸಂದಿನಲ್ಲಿ, ಜಂತಿಯ ಬಿರುಕಿನಲ್ಲಿ, ಪಟಗಳ ಹಿಂದೆ ಸಿಗುತ್ತವೆ. ಅಪಾಯ ಒದಗಿದಾಗ ಬಾಲ ಕಳಚುವುದು ಪ್ರಸಿದ್ಧ. ಬಾಲದ ಕಶೇರುಮಣಿಗಳಲ್ಲಿ ಮುರಿಯಲೆಂದೇ ದುರ್ಬಲ ಗೆರೆಗಳಿವೆ. ಮತ್ತೆ ಬೆಳೆಯುವ ಬಾಲದೊಳಗೆ ಮೂಳೆಯ ಬದಲು ಮೃದ್ವಸ್ಥಿಯ ಕಡ್ಡಿ ಮಾತ್ರ ಇರುತ್ತದೆ.

ಲೊಚಗುಟ್ಟುವುದು ತನ್ನ ಜಾಗ ಸಾರಲು, ಸಂಗಾತಿಯನ್ನು ಕರೆಯಲು. ಆಡುತ್ತಿದ್ದ ಮಾತು ನಿಜವಾಗುವುದೆಂದು ಅದಕ್ಕೆ ಅರ್ಥ ಹಚ್ಚಿ ‘ಕೃಷ್ಣ ಕೃಷ್ಣ’ ಎನ್ನುವ ರೂಢಿ ಮನೆಮನೆಯದು. ಮೈಮೇಲೆ ಬಿದ್ದುದರ ಫಲವನ್ನು ಪಂಚಾಂಗಗಳು ಇಂದಿಗೂ ಅಚ್ಚು ಹಾಕುತ್ತವೆ. ಹಲ್ಲಿ ವಿಷಜಂತು ಎಂಬ ಹೆದರಿಕೆಗೆ ಮಾತ್ರ ಆಧಾರವಿಲ್ಲ, ಅದಕ್ಕೆ ವಿಷಗ್ರಂಥಿಯೇ ಇಲ್ಲ. ಆದರೂ ಅದರ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯ ಇರಬಹುದಾದ್ದರಿಂದ ಹಲ್ಲಿ ಬಿದ್ದ ಅಡುಗೆಯನ್ನು ಚೆಲ್ಲುವುದೇ ಸರಿ.

ಬೆಕ್ಕು, ಗೂಬೆಗಳಲ್ಲದೆ ತೋಳಹಾವು ಹಲ್ಲಿಯ ದೊಡ್ಡ ಶತ್ರು. ಹಲ್ಲಿಯ ಬೆನ್ನಟ್ಟಿ ಮನೆಯೊಳಗೆ ಬರುವ ಈ ನಿರುಪದ್ರವಿ ಹಾವು ಪಟ್ಟೆಗಳಿಂದಾಗಿ ಕಟ್ಟುಹಾವಿನಂತೆ ಕಂಡು ಎಷ್ಟೋ ಸಲ ಪೆಟ್ಟು ತಿಂದು ಸಾಯುತ್ತದೆ.